ವಾಯಿದೆ ಮೇಲೆ ವಾಯಿದೆ: ತ್ವರಿತ ವಿಚಾರಣೆಯ ತೀರ್ಪುಗಳನ್ನು ಪಾಲನೆ ಮಾಡಿಸುವುದು ಹೇಗೆ

ಕ್ರಿಮಿನಲ್ ಖಟ್ಲೆ ಬೇಗ ಮುಗಿಯಬೇಕು ಎಂದು ಕೇಳುವುದು ಯಾರ ಹತ್ತಿರವೂ ದಯೆ ಬೇಡಿದಂತಲ್ಲ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಆಗದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿತು: ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ. ಅದೇ ವರ್ಷ ಭಾರತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೂ ಸೇರಿತು. "ಅನಗತ್ಯ ವಿಳಂಬವಿಲ್ಲದೆ ವಿಚಾರಣೆ" ಎಂಬ ಮಾತು ಅದರ 14ನೇ ವಿಧಿಯಲ್ಲಿದೆ.

ಇಷ್ಟೆಲ್ಲ ಇದ್ದರೂ ಧಾರವಾಡ, ಗದಗ, ಹಾವೇರಿಯ ಯಾವ ಕೋರ್ಟಿನ ಮುಂದೆ ನಿಂತರೂ "ಇವತ್ತೇನಾತ್ರಿ?" ಅಂದರೆ "ಮತ್ತ ವಾಯಿದೆ ಹಾಕ್ಯಾರ್ರಿ", ಅಂದರೆ ಕೇಸು ಮತ್ತೆ ಮುಂದಿನ ತಾರೀಖಿಗೆ ಹೋಯಿತು ಎಂಬ ಉತ್ತರವೇ ಸಿಗುತ್ತದೆ. ತೀರ್ಪು ಬಂದಿದೆ, ಪಾಲನೆ ಆಗುತ್ತಿಲ್ಲ. ಪಾಲನೆ ಆಗುತ್ತಿದೆಯೇ ಎಂದು ಕೇಸು ಕೇಸಿಗೂ ಬಂದು ನೋಡುವವರು ನಮ್ಮಲ್ಲಿಲ್ಲ. ಆದ್ದರಿಂದ ಆಪಾದಿತನ ಕಡೆಯವರೇ ದಿನ ಎಣಿಸಿ, ಕಾಗದ ಹೊಂದಿಸಿ ಕೇಳಬೇಕು. ಈ ಬರಹವೆಲ್ಲ ಆ ಎಣಿಕೆಯದ್ದೇ.

ಮೊದಲು ಆರ್ಡರ್ ಶೀಟ್

ವಕೀಲರ ಬಳಿ "ಕೇಸು ಭಾಳ ದಿನ ಆತ್ರಿ" ಎಂದರೆ ಏನೂ ಆಗದು. ಎಷ್ಟು ದಿನ, ಯಾರಿಂದ ಎಂಬುದು ಕೈಯಲ್ಲಿರಬೇಕು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಹಿಂದಿನ ತಾರೀಖುಗಳೂ ಪ್ರತಿ ತಾರೀಖಿನ ಉದ್ದೇಶವೂ ಕಾಣುತ್ತವೆ. ವಾಯಿದೆ ಯಾಕೆ ಬಿತ್ತು ಎಂಬುದು ಅಲ್ಲಿ ಪೂರ್ತಿ ಇರುವುದಿಲ್ಲ. ಅದಕ್ಕೆ ಆರ್ಡರ್ ಶೀಟಿನ, ಅಂದರೆ ಪ್ರತಿ ತಾರೀಖಿಗೆ ಏನಾಯಿತೆಂದು ಕೋರ್ಟು ಬರೆದಿಡುವ ಹಾಳೆಗಳ, ಪ್ರಮಾಣೀಕೃತ ನಕಲೇ ಬೇಕು. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಮೊದಲ ಪುಟದಿಂದ ಕೊನೆಯವರೆಗೆ ತೆಗೆಸಿ. ಕೋರ್ಟಿನ ಕಡತಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯಬೇಡಿ, ನಕಲು ಅರ್ಜಿಯೇ ಸರಿಯಾದ ಹಾದಿ.

ಆಮೇಲೆ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ: ತಾರೀಖು, ಯಾತಕ್ಕೆ ಇತ್ತು, ಏನಾಯಿತು, ಯಾರ ಕಾರಣ. ಉದಾಹರಣೆಗೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಕದ್ದ ಆರೋಪದ ಮೇಲೆ ಒಬ್ಬ ಹಮಾಲನನ್ನು 11-3-2024ರಂದು ಹಿಡಿದು ಜೈಲಿಗೆ ಕಳಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಹಿಂದೆ ಶಿಕ್ಷೆಯಾದವನಲ್ಲ. ಅವನ ಪಟ್ಟಿ ಹೀಗಿರುತ್ತದೆ:

8-7-2024. ಸಾಕ್ಷಿ ವಿಚಾರಣೆ. ಪಂಚನ ಸಮನ್ಸ್ "ಊರಿನಲ್ಲಿಲ್ಲ" ಎಂಬ ಷರಾದೊಂದಿಗೆ ವಾಪಸ್. ಪ್ರಾಸಿಕ್ಯೂಷನ್.
12-8-2024. ಸಾಕ್ಷಿ ವಿಚಾರಣೆ. ಜೈಲಿನಿಂದ ಆಪಾದಿತನನ್ನು ಕರೆತಂದಿಲ್ಲ, ಬೆಂಗಾವಲು ಇಲ್ಲ. ಸರ್ಕಾರ.
23-9-2024. ಸಾಕ್ಷಿ ವಿಚಾರಣೆ. ನ್ಯಾಯಾಧೀಶರು ರಜೆ. ಕೋರ್ಟು.
11-11-2024. ಪಾಟಿ ಸವಾಲು. ಆಪಾದಿತನ ವಕೀಲರು ಸಮಯ ಕೇಳಿದರು, 16-12-2024ಕ್ಕೆ ಹೋಯಿತು. ನಮ್ಮ ಕಡೆ, 35 ದಿನ.

ಆ ಕೊನೆಯ ಸಾಲನ್ನು ಅಡಗಿಸಬೇಡಿ. ಎದುರು ವಕೀಲರು ಮೊದಲು ಹುಡುಕುವುದು ಅದನ್ನೇ. ನೀವಾಗಿಯೇ ಒಪ್ಪಿಕೊಂಡು ಕಳೆದು ತೋರಿಸಿದರೆ ಉಳಿದ ಲೆಕ್ಕವನ್ನು ಕೋರ್ಟು ನಂಬುತ್ತದೆ. ಅಂತುಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ತೀರ್ಪು (ವರದಿಯಾದದ್ದು 1992) ಇದನ್ನೇ ಹೇಳುತ್ತದೆ: ತಡ ಎಷ್ಟಾಯಿತು ಎಂಬುದರ ಜೊತೆ ಯಾರಿಂದ ಆಯಿತು ಎಂದೂ ತೂಗಬೇಕು. ಕೋರ್ಟಿನ ಕೆಲಸದ ಹೊರೆ, ಮುಷ್ಕರಗಳಂಥ ವ್ಯವಸ್ಥೆಯ ಕಾರಣಗಳನ್ನೂ ನೋಡಬೇಕು. ಹಾಗಾಗಿ "ಕೋರ್ಟು" ಎಂಬುದನ್ನು "ಪ್ರಾಸಿಕ್ಯೂಷನ್" ಜೊತೆ ಕಲಸದೆ ಬೇರೆಯಾಗಿಯೇ ಬರೆಯಿರಿ. ಆಪಾದಿತ ಇಷ್ಟು ದಿನ ಸುಮ್ಮನಿದ್ದ, ಬೇಗ ಮುಗಿಸಿ ಎಂದು ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ಹಕ್ಕು ಹೋಗುವುದಿಲ್ಲ ಎಂದೂ ಅದೇ ತೀರ್ಪು ಹೇಳಿದೆ.

"ಊರಿನಲ್ಲಿಲ್ಲ" ಎಂಬ ಷರಾ ನಮ್ಮ ಭಾಗದಲ್ಲಿ ಪದೇ ಪದೇ ಬರುತ್ತದೆ. ಪಂಚರಾಗಿ ಸಹಿ ಹಾಕಿದ ಕೂಲಿಯವರು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿರುತ್ತಾರೆ. ಎರಡು ಸಲ ಹಾಗೆ ಬಂದರೆ ಮೂರನೆಯ ತಾರೀಖಿಗೆ ಲಿಖಿತ ಅರ್ಜಿ ಕೊಡಿ: ಸಾಕ್ಷಿಯ ಈಗಿನ ವಿಳಾಸ, ಮೊಬೈಲ್ ಸಂಖ್ಯೆ ಹುಡುಕಲು ಪೊಲೀಸರು ಏನು ಮಾಡಿದರೆಂದು ವರದಿ ತರಿಸಿ, ಆಗದಿದ್ದರೆ ಆ ಸಾಕ್ಷಿಯನ್ನು ಕೈಬಿಡಿ ಎಂದು. ಬಾಯಿಮಾತಿನಲ್ಲಿ ಕೇಳಿದ್ದು ಆರ್ಡರ್ ಶೀಟಿನಲ್ಲಿ ಬರುವುದಿಲ್ಲ. ಬರೆದು ಕೊಟ್ಟಿದ್ದಕ್ಕೆ ಆದೇಶ ಆಗಲೇಬೇಕು. ಜಿಲ್ಲೆ, ತಾಲೂಕು ಕೋರ್ಟುಗಳಲ್ಲಿ ಈ ಅರ್ಜಿ ಕನ್ನಡದಲ್ಲೇ ಇರಬಹುದು.

ವಾಯಿದೆಗೂ ಮಿತಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 309) ಸಾಕ್ಷಿ ವಿಚಾರಣೆ ದಿನದಿಂದ ದಿನಕ್ಕೆ ನಡೆಯಬೇಕು ಎನ್ನುತ್ತದೆ. ಕೈಮೀರಿದ ಕಾರಣವಿದ್ದರೂ ಪಕ್ಷಗಾರರಿಗೆ ಎರಡಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಎಂದು ಹೊಸ ಸಂಹಿತೆ ಸೇರಿಸಿದೆ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವೇ ಅಲ್ಲ. ಎದುರಿನವರು ಮೂರನೆಯ ಸಲ ಸಮಯ ಕೇಳಿದಾಗ ಈ ಕಲಮಿನ ಹೆಸರೆತ್ತಿ ಆಕ್ಷೇಪಣೆ ಬರೆಸಿ. ಆ ದಿನ ವಾಯಿದೆ ತಪ್ಪದಿದ್ದರೂ ಆ ಸಾಲು ಮುಂದೆ ಹೈಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ.

ಜೈಲಿನಲ್ಲಿದ್ದವರಿಗೆ ಮೂರು ಬಾಗಿಲು

ಮೊದಲನೆಯದು ಚಾರ್ಜ್‌ಶೀಟಿನ ಗಡುವು, ಅದೇ ಹೊಸ ಸಂಹಿತೆಯ 187ನೇ ಕಲಂ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60. ಅಷ್ಟರೊಳಗೆ ಪೊಲೀಸರು ಅದನ್ನು ಹಾಕದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಎಣಿಕೆ ಶುರುವಾಗುವುದು ಪೊಲೀಸರು ಹಿಡಿದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ರಿಮಾಂಡ್ ಮಾಡಿದ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಮಾನಿಸಿದೆ. ಕಳ್ಳತನಕ್ಕೆ 60 ದಿನ, ಅಂದರೆ 61ನೆಯ ದಿನ ಬೆಳಿಗ್ಗೆ ಕೋರ್ಟು ತೆರೆಯುವ ಹೊತ್ತಿಗೆ ಜಾಮೀನು ಅರ್ಜಿ ಸಿದ್ಧವಿರಬೇಕು. ನೀವು ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಈ ಹಕ್ಕು ಕೈತಪ್ಪುತ್ತದೆ. ಒಂದು ದಿನದ ಅಲಕ್ಷ್ಯದಿಂದ ತಿಂಗಳುಗಟ್ಟಲೆ ಜೈಲು ಮುಂದುವರಿಯುವುದು ಇಲ್ಲೇ.

ಎರಡನೆಯದನ್ನು ತುಂಬ ಜನ ಮರೆಯುತ್ತಾರೆ. 480ನೇ ಕಲಮಿನ 6ನೇ ಉಪಕಲಂ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆಯುವ ಜಾಮೀನುರಹಿತ ಕೇಸಿನಲ್ಲಿ ಸಾಕ್ಷಿಗೆ ಗೊತ್ತು ಮಾಡಿದ ಮೊದಲ ತಾರೀಖಿನಿಂದ 60 ದಿನದೊಳಗೆ ವಿಚಾರಣೆ ಮುಗಿಯದಿದ್ದರೆ, ಆ ಅವಧಿಯೆಲ್ಲ ಆಪಾದಿತ ಜೈಲಿನಲ್ಲೇ ಇದ್ದರೆ, ಜಾಮೀನು ಕೊಡಬೇಕು. ಕೊಡದಿದ್ದರೆ ಮ್ಯಾಜಿಸ್ಟ್ರೇಟರು ಕಾರಣ ಬರೆಯಬೇಕು. ಮೇಲಿನ ಹಮಾಲನಿಗೆ 8-7-2024ಕ್ಕೆ 60 ದಿನ ಸೇರಿಸಿ: 6-9-2024. ಅಷ್ಟೊತ್ತಿಗೆ ಒಬ್ಬ ಸಾಕ್ಷಿಯೂ ಕಟಕಟೆ ಹತ್ತಿಲ್ಲ, ತಡದಲ್ಲಿ ಅವನ ಪಾಲು ಒಂದು ದಿನವೂ ಇಲ್ಲ. ಆಗಲೇ ಅರ್ಜಿ ಬೀಳಬೇಕಿತ್ತು.

ಮೂರನೆಯದು 479ನೇ ಕಲಂ, ಹಳೆಯ 436-ಎ. ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಜೈಲಿನಲ್ಲಿ ಕಳೆದಿದ್ದರೆ ಜಾಮೀನು. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದವರಿಗೆ ಮೂರರಲ್ಲಿ ಒಂದು ಪಾಲು ಸಾಕು. ಹೊಸ ಸಂಹಿತೆ ಜಾರಿಗೆ ಬಂದ 1-7-2024ಕ್ಕಿಂತ ಹಿಂದಿನ ಕೇಸುಗಳಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 23-8-2024ರಂದು ಆದೇಶಿಸಿತು. ಹಳೆಯ ಕೇಸು, ಹಳೆಯ ಕಾನೂನು ಎಂದು ಯಾರಾದರೂ ವಾಪಸ್ ಕಳಿಸಿದರೆ ಈ ತಾರೀಖು ಹೇಳಿ. ಕಳ್ಳತನಕ್ಕೆ ಗರಿಷ್ಠ 3 ವರ್ಷ, ಮೂರರಲ್ಲಿ ಒಂದು ಪಾಲೆಂದರೆ ಒಂದು ವರ್ಷ. ಆಪಾದಿತನಿಂದಾದ ತಡ ಇದರಲ್ಲಿ ಕಳೆಯುತ್ತದೆ. ಹಮಾಲನಿಗೆ 11-3-2025ಕ್ಕೆ 35 ದಿನ ಕೂಡಿಸಿ, 15-4-2025.

ಇಲ್ಲಿ ಎಡವುವ ಜಾಗ ಮೂರು. ಒಂದು: ಮರಣದಂಡನೆ ಅಥವಾ ಜೀವಾವಧಿ "ಒಂದು ಶಿಕ್ಷೆಯಾಗಿ" ನಮೂದಾಗಿರುವ ಅಪರಾಧಗಳಿಗೆ ಈ ಕಲಂ ಇಲ್ಲ. ಕೊಲೆ ಮಾತ್ರವಲ್ಲ, ಹಳೆಯ ದಂಡ ಸಂಹಿತೆಯ 307, 326, 395, 409, 467 ಎಲ್ಲದರಲ್ಲೂ ಜೀವಾವಧಿ ಇದೆ. ಎಫ್‌ಐಆರ್ ನೋಡಿ ಲೆಕ್ಕ ಹಾಕಬೇಡಿ, ಚಾರ್ಜ್‌ಶೀಟಿನ ಕಲಂ ನೋಡಿ. ಎರಡು: ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಹಲವು ಕೇಸು ಬಾಕಿ ಇದ್ದರೆ ಬಿಡುಗಡೆ ಇಲ್ಲ ಎಂದು ಎರಡನೇ ಉಪಕಲಂ ಹೇಳುತ್ತದೆ, ಸರ್ಕಾರಿ ವಕೀಲರು ಹಿಡಿಯುವುದು ಇದನ್ನೇ. ಕಳ್ಳತನದ 379ರ ಜೊತೆ 34 ಹಾಕಿದ್ದರೆ ಅದು ಬೇರೆ ಅಪರಾಧವಲ್ಲ, ಸಮಾನ ಉದ್ದೇಶದ ಹೊಣೆ ಮಾತ್ರ. ಕದ್ದ ಮಾಲು ಇಟ್ಟುಕೊಂಡದ್ದಕ್ಕಿರುವ 411 ಹಾಕಿದ್ದರೆ ತಕರಾರು ಬರುತ್ತದೆ. ಆಗ 479 ಒಂದನ್ನೇ ನೆಚ್ಚದೆ 21ನೇ ವಿಧಿಯ ಆಧಾರವನ್ನೂ ಸೇರಿಸಿ ಸಾಮಾನ್ಯ ಜಾಮೀನು ಅರ್ಜಿ ಹಾಕಿಸಿ. ಮೂರು: ಅರ್ಜಿ ಕುಟುಂಬದವರೇ ಹಾಕಬೇಕೆಂಬ ತಪ್ಪು ತಿಳಿವಳಿಕೆ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಬರೆಯುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ ಎಂದು ಕಾನೂನೇ ಹೇಳಿದೆ.

ಹಾಗಾಗಿ ಅವಧಿ ತುಂಬುವ ಒಂದು ತಿಂಗಳ ಮೊದಲೇ ಜೈಲಿಗೆ ಎರಡು ಪ್ರತಿಯಲ್ಲಿ ಪತ್ರ ಕೊಡಿ. ಕೇಸ್ ಸಂಖ್ಯೆ, ಕಲಂ, ಒಳಗೆ ಬಂದ ತಾರೀಖು, ನಿಮ್ಮ ಲೆಕ್ಕದ ತಾರೀಖು ಬರೆದು ಬಂಧನದ ಅವಧಿಯ ಪ್ರಮಾಣಪತ್ರವನ್ನೂ ಕೇಳಿ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಇನ್ನೊಂದು ನಕಲನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ಮುಟ್ಟಿಸಿ, ಅವರ ಕಚೇರಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ ಕೂಡ ಇರುವ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಹೆಸರು ಆ ಪಟ್ಟಿಗೆ ಹೋಗಲಿ ಎಂದೇ ಈ ನಕಲು.

ಜೈಲಿನಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಅದು. ಸಹಾಯವಾಣಿ 15100.

ಜಾಮೀನು ಸಿಕ್ಕಿತು, ಬಿಡುಗಡೆ ಇಲ್ಲ

ಆದೇಶ ಆಗಿಯೂ ಉತಾರ (ಜಮೀನಿನ ದಾಖಲೆ) ತರುವ ಜಾಮೀನುದಾರರು ಸಿಗದೆ ಒಳಗೇ ಉಳಿಯುವವರಿದ್ದಾರೆ. ಕಷ್ಟದಲ್ಲಿ ಜಮೀನಿದ್ದವರ ಮನೆ ಬಾಗಿಲು ಬಡಿದು ಜಾಮೀನುದಾರರನ್ನು ತರುವುದು ಎಷ್ಟು ಭಾರ ಎಂಬುದು ಭೂಮಿಯಿಲ್ಲದ ಮನೆಗಳಿಗೆ ಗೊತ್ತು. ಸುಪ್ರೀಂ ಕೋರ್ಟ್ 31-1-2023ರಂದು ಕೊಟ್ಟ ನಿರ್ದೇಶನಗಳು ಇಂಥವರಿಗಾಗಿಯೇ: ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮಾರನೆಯ ದಿನ ಇ-ಮೇಲಿನಲ್ಲಿ ಜೈಲಿಗೆ ಹೋಗಬೇಕು. 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಸೂಪರಿಂಟೆಂಡೆಂಟರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಊರಿನ ಜಾಮೀನುದಾರರೇ ಬೇಕೆಂಬ ಹಟವೂ ಬಿಡುಗಡೆಗೆ ಅಡ್ಡಿ ಎಂದು ಅಲ್ಲಿ ಗುರುತಿಸಿದ್ದಾರೆ. ಇದಕ್ಕೂ ಮೊದಲು 1978ರ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಗೌಂಡಿಯ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಜಾಮೀನು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ ತಪ್ಪೆಂದಿತ್ತು. ರೋಣದ ಅತ್ತೆಮನೆಯ ಉತಾರ ಹಾನಗಲ್ಲಿನ ಕೇಸಿಗೆ ನಡೆಯುವುದಿಲ್ಲ ಎಂದರೆ ಈ ತೀರ್ಪನ್ನು ತೋರಿಸಬೇಕು. ಹತ್ತು ದಿನ ಓಡಾಡಿಯೂ ಜಾಮೀನುದಾರರು ಸಿಗದಿದ್ದರೆ ಸುಮ್ಮನೆ ಕೂಡಬೇಡಿ, ಮೊತ್ತ ಇಳಿಸಲು ಅರ್ಜಿ ಹಾಕಿ.

ಗಂಭೀರ ಅಪರಾಧದ ಕೇಸುಗಳು

ಜೀವಾವಧಿ ಶಿಕ್ಷೆಯ ಅಪರಾಧ, ಮಾದಕ ವಸ್ತು ಕಾಯ್ದೆ, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಇವುಗಳಲ್ಲಿ ಕೆಳ ಕೋರ್ಟಿನ ಹಾದಿ ಕಿರಿದು. ಆದರೂ ಮುಚ್ಚಿಲ್ಲ. ವಿಚಾರಣೆ ಬೇಗ ಮುಗಿಯುವ ಲಕ್ಷಣ ಇಲ್ಲದಿದ್ದಾಗ ಯುಎಪಿಎಯ ಕಟ್ಟುನಿಟ್ಟೂ ಸಡಿಲಬೇಕು ಎಂದು 2021ರ ಕೆ.ಎ. ನಜೀಬ್ ತೀರ್ಪು ಹೇಳಿತು. 2023ರ ಮೊಹಮ್ಮದ್ ಮುಸ್ಲಿಂ ತೀರ್ಪು ಜಾಮೀನಿಗೆ ಬಿಗಿ ಷರತ್ತು ಹಾಕುವ ಮಾದಕ ವಸ್ತು ಕಾಯ್ದೆಯ 37ನೇ ಕಲಂ ಇದ್ದಾಗಲೂ ವಿಳಂಬದ ಆಧಾರದ ಮೇಲೆ ಜಾಮೀನು ಕೊಟ್ಟಿತು. ಇಂಥ ಅರ್ಜಿಯಲ್ಲಿ ಗಟ್ಟಿ ಅಂಕಿ ಎರಡೇ: ಎಷ್ಟು ಸಾಕ್ಷಿಗಳಲ್ಲಿ ಎಷ್ಟು ಮಂದಿಯ ವಿಚಾರಣೆ ಮುಗಿದಿದೆ, ಎಷ್ಟು ತಿಂಗಳಲ್ಲಿ. 62 ಸಾಕ್ಷಿಗಳಲ್ಲಿ 30 ತಿಂಗಳಿಗೆ 5 ಎಂದು ಒಂದು ಸಾಲಿನಲ್ಲಿ ಬರೆದರೆ ಮುಂದಿನದನ್ನು ನ್ಯಾಯಮೂರ್ತಿಗಳೇ ಲೆಕ್ಕ ಹಾಕುತ್ತಾರೆ.

2017ರ ಹುಸೇನ್ ತೀರ್ಪನ್ನೂ ಜೊತೆಗಿಡಿ. ಆಪಾದಿತ ಜೈಲಿನಲ್ಲಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸು ಸಾಮಾನ್ಯವಾಗಿ 6 ತಿಂಗಳಲ್ಲಿ, ಸೆಷನ್ಸ್ ಕೇಸು 2 ವರ್ಷದಲ್ಲಿ ಮುಗಿಯಬೇಕೆಂಬ ಗುರಿಯನ್ನು ಸುಪ್ರೀಂ ಕೋರ್ಟ್ ಅದರಲ್ಲಿ ಹಾಕಿಕೊಟ್ಟಿದೆ.

ಧಾರವಾಡ ಪೀಠಕ್ಕೆ ಹೋಗುವಾಗ

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಿಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಬೆಂಗಳೂರಿಗೆ ರಾತ್ರಿ ಬಸ್ ಹತ್ತುವ ಕಾಲ ಹೋಯಿತು, ಬೆಳಿಗ್ಗೆ ಮುಂಡರಗಿ ಬಿಟ್ಟವರು ಸಂಜೆಗೆ ಮನೆ ಸೇರಬಹುದು. ಇಲ್ಲಿಯ ಭಾಷೆ ಇಂಗ್ಲಿಷ್. ಕನ್ನಡದ ಆರ್ಡರ್ ಶೀಟು, ಚಾರ್ಜ್‌ಶೀಟುಗಳಿಗೆ ಅನುವಾದ ಬೇಕಾಗುತ್ತದೆ, ಅದಕ್ಕೆ ಒಂದು ವಾರ ಮೊದಲೇ ಬಿಟ್ಟುಕೊಳ್ಳಿ.

ಏನು ಕೇಳಬೇಕು ಎಂಬಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಜಾಮೀನಿನ ಮೇಲೆ ಹೊರಗಿರುವ, ಹತ್ತು ವರ್ಷದಿಂದ ವಾಯಿದೆಗೆ ಅಲೆಯುತ್ತಿರುವ ಮನುಷ್ಯ "ಕೇಸೇ ರದ್ದು ಮಾಡಿ" ಎನ್ನುತ್ತಾನೆ. ಅವನ ನೋವು ನಿಜ, ತ್ವರಿತ ವಿಚಾರಣೆಯ ಹಕ್ಕು ಹೊರಗಿದ್ದವರಿಗೂ ಇದೆ. ಆದರೆ ಇಷ್ಟು ವರ್ಷ ಮೀರಿದರೆ ಕೇಸು ತಾನಾಗಿ ಬಿದ್ದುಹೋಗುತ್ತದೆ ಎಂಬ ನಿಯಮವನ್ನು ನಮ್ಮ ರಾಜ್ಯದಿಂದಲೇ ಹೋದ ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ತಳ್ಳಿಹಾಕಿತು. ಅದಕ್ಕೂ ಮೊದಲಿನ ಮೂರು ತೀರ್ಪುಗಳು ಹಾಕಿದ್ದ ಗಡುವುಗಳು ಅಂದಿಗೆ ಮುಗಿದವು. ಯಾರಾದರೂ 1996ರ ಕಾಮನ್ ಕಾಸ್ ತೀರ್ಪಿನ ಗಡುವು ತೋರಿಸಿ ಫೀ ಕೇಳಿದರೆ ಎಚ್ಚರ. ಹಾಗೆಂದು ಹೈಕೋರ್ಟಿನ ಕೈ ಕಟ್ಟಿಲ್ಲ. ಅಪರಾಧದ ಸ್ವರೂಪ, ತಡದ ಕಾರಣ, ಅದರಿಂದ ಪ್ರತಿವಾದಕ್ಕೆ ಆದ ಹಾನಿ ತೂಗಿ ರದ್ದುಪಡಿಸುವ ಅಧಿಕಾರ ಇದ್ದೇ ಇದೆ. ಆ ಹಾನಿಯನ್ನು ಬಿಡಿಸಿ ಬರೆಯಬೇಕು: ನಮ್ಮ ಪರ ಹೇಳಬೇಕಿದ್ದ ಸಾಕ್ಷಿ ತೀರಿಕೊಂಡರು, ಮೂಲ ದಾಖಲೆ ಕಳೆದುಹೋಯಿತು, ಹೀಗೆ.

ಇನ್ನೊಂದು ಬೇಡಿಕೆ, ಆರು ತಿಂಗಳಲ್ಲಿ ಮುಗಿಸಲು ಕೆಳ ಕೋರ್ಟಿಗೆ ಹೇಳಿ ಎಂಬುದು. ಮೊದಲು ಇದು ಸುಲಭವಾಗಿ ಸಿಗುತ್ತಿತ್ತು. 29-2-2024ರಂದು ಅಲಹಾಬಾದ್ ಹೈಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ ಸಂವಿಧಾನ ಪೀಠವು ಇಂಥ ಗಡುವನ್ನು ಅಸಾಧಾರಣ ಸಂದರ್ಭದಲ್ಲಿ ಮಾತ್ರ ಹಾಕಬೇಕು ಎಂದಿತು. ಎಲ್ಲರ ಕೇಸಿಗೂ ಗಡುವು ಬಿದ್ದರೆ ಗಡುವಿಲ್ಲದ ಬಡವರ ಕೇಸು ಇನ್ನೂ ಹಿಂದೆ ಬೀಳುತ್ತದೆ ಎಂಬ ಆತಂಕ ಸರಿಯಾದದ್ದೇ. ಹಾಗಾಗಿ ನಿಮ್ಮದು ಯಾಕೆ ಅಸಾಧಾರಣ ಎಂದು ಮೊದಲ ಪುಟದಲ್ಲೇ ತೋರಿಸಿ: ವಯಸ್ಸು, ಕಾಯಿಲೆ, ತಡೆಹಿಡಿದ ಪಿಂಚಣಿ, ಮೇಲಿನ ಪಟ್ಟಿ. ಗಡುವಿಗಿಂತ ನಿರ್ದಿಷ್ಟ ಅಡ್ಡಿಯನ್ನು ತೆಗೆಸುವ ಬೇಡಿಕೆ ಹೆಚ್ಚು ಫಲ ಕೊಡುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಎರಡು ವರ್ಷದಿಂದ ಬಂದಿಲ್ಲವೆಂದರೆ ಅದನ್ನು ತರಿಸಲು ಸರ್ಕಾರಕ್ಕೆ ಆದೇಶ ಕೇಳಿ.

ನೊಂದವರ ಕಡೆಯವರಿಗೂ ಇದೇ ಪಟ್ಟಿ, ಇದೇ 346ನೇ ಕಲಂ. ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ತಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟು ಅನುಮತಿ ಕೊಡಬಹುದು.

ಮಾನವ ಹಕ್ಕು ಆಯೋಗ ಎಲ್ಲಿ ನೆರವಾಗುತ್ತದೆ

ಕೋರ್ಟಿನ ಮುಂದಿರುವ ವಿಷಯವನ್ನು ಆಯೋಗ ಸಾಮಾನ್ಯವಾಗಿ ಮುಟ್ಟುವುದಿಲ್ಲ. "ನನ್ನ ಖಟ್ಲೆ ತಡವಾಗಿದೆ" ಎಂದಷ್ಟೇ ಬರೆದರೆ ಅರ್ಜಿ ಮುಕ್ತಾಯ. ಬೆಂಗಾವಲು ಇಲ್ಲವೆಂದು ನಾಲ್ಕು ಸಲ ಕೋರ್ಟಿಗೆ ಕರೆದೊಯ್ಯಲಿಲ್ಲ, 479ರ ಪತ್ರಕ್ಕೆ ಸ್ವೀಕೃತಿ ಕೊಟ್ಟೂ ಜೈಲಿನವರು ಕೋರ್ಟಿಗೆ ಬರೆಯಲಿಲ್ಲ, ಚಿಕಿತ್ಸೆ ಕೊಡಿಸಲಿಲ್ಲ ಎಂಬ ಅಧಿಕಾರಿಗಳ ಲೋಪವನ್ನು ತಾರೀಖು ಸಮೇತ ಬರೆದರೆ ಅದು ಆಯೋಗದ ವ್ಯಾಪ್ತಿಗೆ ಬರುತ್ತದೆ. ಘಟನೆಯಾಗಿ ಒಂದು ವರ್ಷದೊಳಗೆ ಬರೆಯಬೇಕು. ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಒಟ್ಟಿಗೆ ಬರೆಯಬೇಡಿ, ಒಂದರ ಮುಂದಿದ್ದದ್ದನ್ನು ಇನ್ನೊಂದು ತೆಗೆದುಕೊಳ್ಳುವುದಿಲ್ಲ. ಆಯೋಗದ್ದು ಶಿಫಾರಸು, ಆದೇಶವಲ್ಲ. ಸರ್ಕಾರ ಪಾಲಿಸದಿದ್ದರೆ ಆ ಶಿಫಾರಸನ್ನೇ ಹಿಡಿದು ಹೈಕೋರ್ಟಿಗೆ ಹೋಗಬೇಕು.

ಯುರೋಪಿನಲ್ಲಿ ಇದಕ್ಕೆ ಬೇರೆ ಏರ್ಪಾಟಿದೆ. ಸ್ಟ್ರಾಸ್‌ಬರ್ಗಿನ ಮಾನವ ಹಕ್ಕು ನ್ಯಾಯಾಲಯದ ತೀರ್ಪನ್ನು ದೇಶಗಳು ಪಾಲಿಸುತ್ತಿವೆಯೇ ಎಂದು ಸಚಿವರ ಸಮಿತಿಯೊಂದು ಕಡತ ತೆರೆದಿಟ್ಟು ನೋಡುತ್ತದೆ. ಹತ್ತು ವರ್ಷ ಮೀರಿದ ಒಂದು ಕ್ರಿಮಿನಲ್ ಪ್ರಕರಣದ ಬಗ್ಗೆ ಮ್ಯಾಕ್‌ಫರ್ಲೇನ್ ತೀರ್ಪು 2010ರಲ್ಲಿ ಐರ್ಲೆಂಡ್ ವಿರುದ್ಧ ಬಂತು: ವಿಚಾರಣೆ ತಡವಾದರೆ ಪರಿಹಾರ ಕೇಳಲು ನಿಮ್ಮಲ್ಲಿ ದಾರಿಯೇ ಇಲ್ಲ, ಮಾಡಿ ಎಂದು. ಅಂಥ ಕಾಯ್ದೆ ಅಲ್ಲಿ ಬಂದದ್ದು 2024ರಲ್ಲಿ. ಸಮಿತಿ ಕೇಳುತ್ತಲೇ ಇದ್ದೂ 14 ವರ್ಷ ಹಿಡಿಯಿತು. ಭಾರತದಲ್ಲಿ ವಿಳಂಬಕ್ಕೆ ಹಣದ ಪರಿಹಾರ ಕೊಡುವ ಕಾಯ್ದೆ ಇಲ್ಲ. ಅಂತರರಾಷ್ಟ್ರೀಯ ಒಡಂಬಡಿಕೆಯ ಕೆಳಗೆ ವ್ಯಕ್ತಿಯೊಬ್ಬ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡುವ ಐಚ್ಛಿಕ ಒಪ್ಪಂದಕ್ಕೂ ಭಾರತ ಸೇರಿಲ್ಲ, ಅದಕ್ಕೆಂದು ಹಣ ಕಟ್ಟಬೇಡಿ. ಪರಿಹಾರ ಬೇಕಿದ್ದರೆ ರಿಟ್ ಅರ್ಜಿಯೇ ಗತಿ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿದ್ದ ರುದುಲ್ ಸಾಹ್‌ಗೆ 1983ರಲ್ಲಿ ಸುಪ್ರೀಂ ಕೋರ್ಟ್ 35,000 ರೂಪಾಯಿ ಕೊಡಿಸಿದ್ದು ಆ ದಾರಿಯಲ್ಲೇ.

ಆದೇಶ ಕೈಗೆ ಬಂದ ಮೇಲೆ

ಹೈಕೋರ್ಟಿನ ಆದೇಶ ಕೆಳ ಕೋರ್ಟಿಗೆ ತಾನಾಗಿ ಮುಟ್ಟುತ್ತದೆ ಎಂದು ಕಾಯಬೇಡಿ. ಪ್ರಮಾಣೀಕೃತ ಪ್ರತಿಯನ್ನು ಮುಂದಿನ ವಾಯಿದೆಗೆ ಮೆಮೊ ಜೊತೆ ಹಾಜರುಪಡಿಸಿ, ಇನ್ನೊಂದನ್ನು ಸರ್ಕಾರಿ ಅಭಿಯೋಜಕರಿಗೆ, ಮತ್ತೊಂದನ್ನು ಸಂಬಂಧಪಟ್ಟ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗಡುವು ಮುಗಿಯುವ ಒಂದು ತಿಂಗಳು ಮೊದಲು ಎಷ್ಟು ಸಾಕ್ಷಿ ಬಾಕಿ ಎಂದು ಎಣಿಸಿ, ಬರೆದು ಕೊಡಿ. ಕೋರ್ಟಿಗೆ ಇನ್ನಷ್ಟು ಸಮಯ ಬೇಕೆನಿಸಿದರೆ ನ್ಯಾಯಾಧೀಶರು ಹೈಕೋರ್ಟಿಗೆ ಬರೆದು ಕೇಳುತ್ತಾರೆ, ಅದು ನ್ಯಾಯಾಂಗ ನಿಂದನೆಯಲ್ಲ. ವರದಿ ತರಬೇಕಿದ್ದ, ಸಾಕ್ಷಿ ಕರೆತರಬೇಕಿದ್ದ ಅಧಿಕಾರಿ ಆದೇಶ ಕೈಯಲ್ಲಿದ್ದೂ ಮಾಡದಿದ್ದರೆ ಮೊದಲು ವಕೀಲರಿಂದ ನೋಟಿಸ್, ಆಮೇಲೆ ನ್ಯಾಯಾಂಗ ನಿಂದನೆ ಅರ್ಜಿ. ಅದಕ್ಕೆ ಲೋಪವಾದ ದಿನದಿಂದ ಒಂದೇ ವರ್ಷದ ಕಾಲ. ಹಾಗಾಗಿ ಸ್ವೀಕೃತಿಯ ತಾರೀಖುಗಳನ್ನೂ ಅದೇ ನೋಟ್‌ಬುಕ್ಕಿನಲ್ಲಿ, ವಾಯಿದೆಗಳ ಪಟ್ಟಿಯ ಕೆಳಗೇ ಬರೆದಿಡಿ.